ತೊಂಬತ್ತೆರಡೋ, ತೊಂಬತ್ತೆಂಟೋ?
ಹಳೆಯ ಯೆಜ್ಡಿಯೊಂದರ ಜೆಟ್ ಪುರಾಣ

ಹಳೆಯ ಮೋಟಾರು ಸೈಕಲನ್ನು ಬಿಚ್ಚಿ ಹೊಸದಾಗಿ ಕಟ್ಟುವ ಹುಚ್ಚು ನಮ್ಮ ಊರುಗಳಲ್ಲಿ ಈಚೆಗೆ ಹೆಚ್ಚಾಗಿದೆ. ಕುಂಬಳೆಯಿಂದ ಮುಳ್ಳೇರಿಯದವರೆಗೆ ಯಾವ ಗ್ಯಾರೇಜಿಗೆ ಹೊಕ್ಕರೂ ಒಂದು ಮೂಲೆಯಲ್ಲಿ ಚಕ್ರ ಕಳಚಿದ ಯೆಜ್ಡಿಯೋ ಬುಲೆಟ್ಟೋ ಕಾಣಸಿಗುತ್ತದೆ. ಬಣ್ಣ ಹೊಡೆಸುವುದು, ಕ್ರೋಮ್ ಹಾಕಿಸುವುದು, ಸೀಟು ಹೊಲಿಸುವುದು, ಇದಕ್ಕೆಲ್ಲ ಹಣವೊಂದಿದ್ದರೆ ಸಾಕು. ಆದರೆ ಕಾರ್ಬುರೇಟರಿನ ಒಳಗೆ ಕಡಲೆಬೇಳೆಯಷ್ಟೇ ದೊಡ್ಡ ಹಿತ್ತಾಳೆಯ ತುಣುಕೊಂದಿದೆ. ಅದರ ನಡುವೆ ಒಂದು ಮಿಲಿಮೀಟರಿಗಿಂತ ಕಿರಿದಾದ ತೂತು. ಅದಕ್ಕೆ ಜೆಟ್ಟು ಎಂದು ಹೆಸರು. ಅದರ ನಂಬರನ್ನು ಆರಿಸುವಲ್ಲಿ ನಾವು ಮಾಡಿಕೊಂಡ ಎಡವಟ್ಟು, ಅದರಿಂದ ಕಲಿತ ಪಾಠ, ಇವನ್ನು ಇಲ್ಲಿ ಬರೆಯುತ್ತಿದ್ದೇವೆ. ನಮ್ಮಂತೆಯೇ ತಂದೆಯ ಕಾಲದ ಗಾಡಿಯನ್ನು ಕೊಟ್ಟಿಗೆಯಿಂದ ಹೊರಗೆಳೆದ ಯಾರಿಗಾದರೂ ಒಂದು ಪಿಸ್ಟನ್ ಉಳಿದರೆ ಬರೆದದ್ದು ಸಾರ್ಥಕ.

ನಮ್ಮ ತೀರ್ಥರೂಪರು ಯೆಜ್ಡಿ ಕೊಂಡದ್ದು 1981ರಲ್ಲಿ. ಆಗ ಕಾಸರಗೋಡು ಇನ್ನೂ ಕಣ್ಣೂರು ಜಿಲ್ಲೆಯೊಳಗಿತ್ತು. ಪ್ರತ್ಯೇಕ ಜಿಲ್ಲೆಯಾದದ್ದು 1984ರಲ್ಲಿ. ಗಾಡಿ ಹುಟ್ಟಿದ್ದು ಮೈಸೂರಿನಲ್ಲಿ. ಝೆಕೊಸ್ಲೊವಾಕಿಯದ ಜಾವಾ ಕಂಪೆನಿಯ ಪರವಾನಿಗೆಯ ಮೇಲೆ ಐಡಿಯಲ್ ಜಾವಾ ಕಾರ್ಖಾನೆ ಅಲ್ಲಿ 1961ರಿಂದ ಮೋಟಾರು ಸೈಕಲು ಮಾಡತೊಡಗಿತು. 1973ರಿಂದ ಅದಕ್ಕೆ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. ಒಂದೇ ಸಿಲಿಂಡರು, ಎರಡು ಸೈಲೆನ್ಸರು, ಕಿಕ್ಕರೂ ಗೇರೂ ಒಂದೇ ಲಿವರು. ಹಳಬರಿಗೆ ಇದನ್ನು ವರ್ಣಿಸಬೇಕಾಗಿಲ್ಲ. ದೂರದ ಗುಡ್ಡೆಯ ತಿರುವಿನಲ್ಲಿ ಸದ್ದು ಕೇಳಿದರೆ ಸಾಕು, ಮಾಸ್ಟ್ರು ಬಂದರು ಎಂದು ಅಂಗಡಿಯವರು ಚಾಕ್ಕೆ ನೀರಿಡುತ್ತಿದ್ದರಂತೆ.

ತಂದೆಯವರು ಲೆಕ್ಕದಲ್ಲಿ ಕಟ್ಟುನಿಟ್ಟು. ಗಾಡಿಗೂ ಒಂದು ನೋಟು ಪುಸ್ತಕ ಇಟ್ಟಿದ್ದರು. ಹಾಕಿದ ಪೆಟ್ರೋಲು, ಓಡಿದ ಕಿಲೋಮೀಟರು, ಬದಲಿಸಿದ ಪ್ಲಗ್ಗು, ಎಲ್ಲ ಅದರಲ್ಲಿದೆ. 1983ರ ಒಂದು ಪುಟದಲ್ಲಿ ಅವರ ದುಂಡಗಿನ ಅಕ್ಷರದಲ್ಲಿ ಹೀಗಿದೆ: ಮೈನ್ ಜೆಟ್ 92, ಸ್ಲೋ ಜೆಟ್ 45, ಸೂಜಿ ಮೇಲಿಂದ ಮೂರನೆಯ ಗೀರು, ಲೀಟರಿಗೆ 31. ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ. ಅಂದರೆ ಇನ್ನು ಮುಟ್ಟಕೂಡದು ಎಂದರ್ಥ.

ಅವರು ತೀರಿಕೊಂಡು ಬಹಳ ವರ್ಷಗಳ ಮೇಲೆ ನಾವು ಗಾಡಿಯನ್ನು ಎಬ್ಬಿಸಿದೆವು. ಸಿಲಿಂಡರ್ ಬೋರ್ ಮಾಡಿಸಿ, ಹೊಸ ಪಿಸ್ಟನ್ ಹಾಕಿಸಿ, ಕಾರ್ಬುರೇಟರನ್ನು ತೊಳೆದು ಜೋಡಿಸಿದೆವು. ಹಳೆಯ ಮೈನ್ ಜೆಟ್ಟಿನ ಸ್ಕ್ರೂಡ್ರೈವರ್ ಕಚ್ಚು ಸವೆದಿತ್ತು. ಹೊಸ ಗಾಡಿಗೆ ಹೊಸ ಜೆಟ್ಟೇ ಇರಲಿ ಎಂದು ಪೇಟೆಯಿಂದ 92 ನಂಬರಿನದೇ ತಂದು ಹಾಕಿದೆವು. ಹಳೆಯದನ್ನು ಪಿನ್ನು ಗುಂಡಿಗಳ ಡಬ್ಬಿಗೆ ಹಾಕಿಟ್ಟೆವು. ಪುಸ್ತಕದಲ್ಲಿ 92, ಜೆಟ್ಟಿನ ಮೇಲೆ 92. ಇನ್ನೇನು ಬೇಕು?

ಡಿಸೆಂಬರಿನ ಒಂದು ಬೆಳಿಗ್ಗೆ ಮಡಿಕೇರಿಯಲ್ಲಿ ಒಂದು ಮದುವೆ. ಮನೆಯಾಕೆಯನ್ನು ಹಿಂದೆ ಕೂರಿಸಿಕೊಂಡು ಚೆರ್ಕಳ, ಮುಳ್ಳೇರಿಯ, ಜಾಲ್ಸೂರು, ಸುಳ್ಯದ ಹಾದಿಯಾಗಿ ಹೊರಟೆವು. ಗಾಡಿ ಹಿಂದೆಂದೂ ಇಲ್ಲದಷ್ಟು ಚುರುಕಾಗಿತ್ತು. ಹೊಗೆಯೇ ಇಲ್ಲ. ನಮಗೋ ಹೆಮ್ಮೆ. ಇಂಜಿನು ಪೆಟ್ರೋಲಿಲ್ಲದೆ ಬಾಯಾರಿ ಓಡುವಾಗಲೂ ಹೀಗೇ ಚುರುಕಾಗಿರುತ್ತದೆಂದು ಆಗ ತಿಳಿದಿರಲಿಲ್ಲ. ಸಂಪಾಜೆ ದಾಟಿ ಘಾಟಿ ಏರುವಾಗ ಎಕ್ಸಲೇಟರು ಪೂರ್ತಿ ತಿರುಗಿಸಿದ್ದೆವು. ಒಂದು ಕಿರುಚಿದಂಥ ಸದ್ದು. ಹಿಂದಿನ ಚಕ್ರ ಹಿಡಿದು ನಿಂತಿತು. ಗಾಡಿ ಜಾರುತ್ತ ಅಡ್ಡ ತಿರುಗಿತು. ಬೆನ್ನ ಹಿಂದೆ ಒಂದು ಲಾರಿ. ಎಡಗೈ ತಾನಾಗಿಯೇ ಕ್ಲಚ್ಚು ಹಿಡಿದದ್ದರಿಂದ ಚಕ್ರ ಬಿಟ್ಟುಕೊಂಡಿತು, ಗಾಡಿ ರಸ್ತೆಯ ಅಂಚಿಗೆ ಹೋಗಿ ನಿಂತಿತು. ಲಾರಿಯವನು ಹಾರ್ನು ಹಾಕುತ್ತ ಒಂದು ಮೊಳದ ಅಂತರದಲ್ಲಿ ಮುಂದೆ ಹೋದ. ಮನೆಯಾಕೆ ಏನೂ ಹೇಳಲಿಲ್ಲ; ಇಳಿದು ಸೆರಗು ಸರಿಪಡಿಸಿಕೊಂಡು ಮೋರಿಯ ಕಟ್ಟೆಯ ಮೇಲೆ ಕುಳಿತಳು. ಬಯ್ದಿದ್ದರೆ ವಾಸಿಯಿತ್ತು.

ಪಿಸ್ಟನು ಸಿಲಿಂಡರಿಗೆ ಕಚ್ಚಿಕೊಂಡಿತ್ತು. ಮೆಕ್ಯಾನಿಕರ ಭಾಷೆಯಲ್ಲಿ ಸೀಜ್ ಆಗುವುದು. ಗಾಡಿ ಪಿಕಪ್ ಏರಿ ಊರಿಗೆ ಬಂತು.

ಬಿಚ್ಚಿದವರು ನಮ್ಮೂರಿನ ಹಿರಿಯ ಮೆಕ್ಯಾನಿಕರು. ನಾವೆಲ್ಲ ಅವರನ್ನು ಇಚ್ಚ ಎಂದೇ ಕರೆಯುವುದು. ಮಲಯಾಳ, ತುಳು, ಕನ್ನಡ ಮೂರನ್ನೂ ಒಂದೇ ವಾಕ್ಯದಲ್ಲಿ ಸೇರಿಸಿ ಮಾತಾಡುವ ಆಸಾಮಿ. ತಂದೆಯವರ ಕಾಲದಿಂದಲೂ ಈ ಗಾಡಿಯನ್ನು ಬಲ್ಲವರು. ಪಿಸ್ಟನನ್ನು ಕೈಯಲ್ಲಿ ಹಿಡಿದು, ಸೈಲೆನ್ಸರಿನ ಕಡೆಯ ಗೀರುಗಳನ್ನು ತೋರಿಸಿ, “ಮಾಷೇ, ಇದು ಆಯಿಲ್ ಹಾಕದ್ದಲ್ಲ. ಹೊಟ್ಟೆಗೆ ಸಿಕ್ಕದ್ದು” ಎಂದರು. ಪ್ಲಗ್ಗು ಸುಣ್ಣದಂತೆ ಬೆಳ್ಳಗಿತ್ತು. “ಇನ್ನೊಂದು ಬೋರ್ ಮಾಡಬಹುದು. ಅದರ ಮೇಲೆ ಸೈಜಿಲ್ಲ, ಆ ಸೈಜಿನ ಪಿಸ್ಟನ್ ನನ್ನ ಹತ್ರ ಒಂದೇ ಉಂಟು. ಅದನ್ನೂ ತಿಂದರೆ ಮತ್ತೆ ನಾನಿಲ್ಲ.”

ತಪ್ಪು ಎಲ್ಲಿ ಎಂದು ತಿಳಿಯದೆ ಆ ಕೊನೆಯ ಪಿಸ್ಟನನ್ನು ಹಾಕುವಂತಿರಲಿಲ್ಲ. ಆದ್ದರಿಂದ ನಾವು ಲೆಕ್ಕಕ್ಕೆ ಕುಳಿತೆವು.

ಟು-ಸ್ಟ್ರೋಕ್ ಇಂಜಿನಿನಲ್ಲಿ ಆಯಿಲ್ ಪೆಟ್ರೋಲಿನಲ್ಲೇ ಬೆರೆತು ಬರುತ್ತದೆ. ನಾವು ಹಾಕುವುದು ಲೀಟರಿಗೆ 40 ಮಿಲಿ, ಇಪ್ಪತ್ತೈದಕ್ಕೆ ಒಂದರಂತೆ. ಪೆಟ್ರೋಲು ಕಡಿಮೆಯಾದರೆ ಒಲೆ ಹೆಚ್ಚು ಬಿಸಿಯಾಗುವುದಷ್ಟೇ ಅಲ್ಲ, ಜತೆಗೆ ಬರುವ ಆಯಿಲೂ ಕಡಿಮೆ. ಎರಡು ಕಡೆಯಿಂದ ಪೆಟ್ಟು. ಇನ್ನೊಂದು ವಿಚಿತ್ರ ಕೇಳಿ: ಭಯದಿಂದ ಆಯಿಲನ್ನೇ ಹೆಚ್ಚು ಸುರಿದರೆ ಅದೇ ತೂತಿನಿಂದ ಬರುವ ಪೆಟ್ರೋಲಿನ ಪಾಲು ಇನ್ನಷ್ಟು ಇಳಿಯುತ್ತದೆ! ಎರಡು ಮುಚ್ಚಳ ಹೆಚ್ಚಿಗೆ ಹಾಕಿ ನಿಶ್ಚಿಂತೆಯಿಂದಿರುವ ಮಹನೀಯರು ಗಮನಿಸಬೇಕು.

ಈಗ ನಂಬರಿನ ವಿಷಯ. ನಮ್ಮ ಗಾಡಿಯ ಜಿಕೋವ್ ಕಾರ್ಬುರೇಟರಿನ ಜೆಟ್ಟಿನ ಮೇಲೆ 92 ಎಂದಿದ್ದರೆ ತೂತಿನ ವ್ಯಾಸ 0.92 ಮಿಲಿಮೀಟರು. ಎಲ್ಲ ಕಂಪೆನಿಗಳಲ್ಲೂ ಹೀಗಲ್ಲ. ಅಮಾಲ್ ಜೆಟ್ಟಿನ ನಂಬರು ಒಂದು ನಿಮಿಷಕ್ಕೆ ಎಷ್ಟು ಸಿ.ಸಿ. ಹರಿಯುತ್ತದೆ ಎಂಬುದರ ಲೆಕ್ಕ. ಆದ್ದರಿಂದ ಒಂದು ಕಂಪೆನಿಯ ನಂಬರನ್ನು ಇನ್ನೊಂದಕ್ಕೆ ಹೊಂದಿಸಹೋಗುವುದು ಸೇರಿನಿಂದ ಬಟ್ಟೆ ಅಳೆದಂತೆ. ಯೆಜ್ಡಿಗೆ ಬುಲೆಟ್ಟಿನ ಕಾರ್ಬುರೇಟರು ಹಾಕಿಸಿಕೊಂಡವರು ಇದನ್ನು ಮುಖ್ಯವಾಗಿ ನೆನಪಿಡಬೇಕು.

ಎಂಟನೆಯ ತರಗತಿಯ ಮಕ್ಕಳಿಗೆ ನಾವೇ ಕಲಿಸುವ ಪಾಠ: ವೃತ್ತದ ವಿಸ್ತೀರ್ಣ ವ್ಯಾಸದ ವರ್ಗಕ್ಕೆ ಅನುಗುಣ. 92ರಿಂದ 96ಕ್ಕೆ ಹೋದರೆ ನಂಬರು ಏರುವುದು ಶೇಕಡಾ ನಾಲ್ಕೂ ಚಿಲ್ಲರೆ. ಪೆಟ್ರೋಲು ಹರಿಯುವ ದಾರಿ ಅಗಲವಾಗುವುದು ಸುಮಾರು ಶೇಕಡಾ 9. 98ಕ್ಕೆ ಹೋದರೆ ಹದಿಮೂರೂವರೆ, 100ಕ್ಕೆ ಹೋದರೆ ಹದಿನೆಂಟು. ಕಣ್ಣಿಗೆ ಕಾಣದ ವ್ಯತ್ಯಾಸ ಇಂಜಿನಿಗೆ ಬೆಟ್ಟದಷ್ಟು.

ಮುಂದಿನ ಪ್ರಶ್ನೆ, ತಂದೆಯವರ ಪೆಟ್ರೋಲೂ ನಮ್ಮ ಪೆಟ್ರೋಲೂ ಒಂದೆಯೆ? ಅಲ್ಲ. 2025ರ ಹೊತ್ತಿಗೆ ನಮ್ಮ ದೇಶದ ಪೆಟ್ರೋಲಿಗೆ ಶೇಕಡಾ 20 ಎಥೆನಾಲ್ ಸೇರಿದೆ. ಎಥೆನಾಲಿನೊಳಗೆ ಆಮ್ಲಜನಕ ಮೊದಲೇ ಇರುವುದರಿಂದ ಅದು ಉರಿಯಲು ಗಾಳಿ ಕಡಿಮೆ ಸಾಕು. ಶುದ್ಧ ಪೆಟ್ರೋಲು ಒಂದು ಕಿಲೋ ಪೂರ್ತಿ ಉರಿಯಲು 14.7 ಕಿಲೋ ಗಾಳಿ ಬೇಕು, ಎಥೆನಾಲಿಗೆ 9 ಕಿಲೋ, ಇಪ್ಪತ್ತರ ಮಿಶ್ರಣಕ್ಕೆ ಸುಮಾರು ಹದಿಮೂರೂವರೆ. ತಿರುಗಿಸಿ ಹೇಳುವುದಾದರೆ, ಇಂಜಿನು ಎಳೆದುಕೊಳ್ಳುವ ಅಷ್ಟೇ ಗಾಳಿಗೆ ಇಂದಿನ ಪೆಟ್ರೋಲು ಶೇಕಡಾ 8–9ರಷ್ಟು ಹೆಚ್ಚು ಬೇಕು. ಹೊಸ ಗಾಡಿಗಳಲ್ಲಿ ಇದನ್ನು ಅಳೆದು ಸರಿಪಡಿಸುವ ಯಂತ್ರವಿದೆ. 1981ರ ಯೆಜ್ಡಿಗೆ ಇರುವುದು ಒಂದು ತೂತು. ತಂದೆಯವರ ಕೆಂಪು ಗೆರೆ ಅವರ ಪೆಟ್ರೋಲಿಗೆ ಸರಿಯಾಗಿತ್ತು. ನಾವು ಗೆರೆಯನ್ನು ನಂಬಿದೆವು, ಪೆಟ್ರೋಲನ್ನು ನೋಡಲಿಲ್ಲ.

ಇಷ್ಟಾದ ಮೇಲೆ ನೂರರ ಜೆಟ್ಟು ಹಾಕಿಬಿಡೋಣ ಎಂದು ಇಚ್ಚನ ಬಳಿಗೆ ಓಡಿದೆವು. ಅವರು ಬೀಡಿಯ ಬೂದಿ ಕೊಡವಿ, “ಮಾಷೇ, ಜೆಟ್ಟು ಆಮೇಲೆ. ಮೊದಲು ಗಾಳಿ ಎಲ್ಲಿಂದೆಲ್ಲ ಬರ್ತದೆ ನೋಡುವ” ಎಂದರು. ಕಾರ್ಬುರೇಟರು ಸಿಲಿಂಡರಿಗೆ ಕೂರುವ ಮುಖವನ್ನು ಗಾಜಿನ ಹಲಗೆಯ ಮೇಲಿಟ್ಟು ಬೆಳಕಿಗೆ ಹಿಡಿದರು. ನಡುವೆ ಕೂದಲೆಳೆಯಷ್ಟು ಬೆಳಕು ಕಂಡಿತು. ಬೋಲ್ಟನ್ನು ವರ್ಷಗಟ್ಟಲೆ ಬಿಗಿದು ಬಿಗಿದು ಮುಖ ಬಾಗಿದೆ. ಆ ಸಂದಿನಿಂದ ಕಳ್ಳಗಾಳಿ ನುಗ್ಗುತ್ತಿತ್ತು. ಗಾಜಿನ ಮೇಲೆ ನುಣುಪಾದ ಎಮರಿ ಕಾಗದ ಹಾಸಿ, ಒಂದು ಮಧ್ಯಾಹ್ನವಿಡೀ ಉಜ್ಜಿ ಸಮ ಮಾಡಿ, ಹೊಸ ಪ್ಯಾಕಿಂಗ್ ಕೊಟ್ಟೆವು. ಕ್ರ್ಯಾಂಕಿನ ಎರಡು ಕಡೆಯ ಆಯಿಲ್ ಸೀಲುಗಳನ್ನೂ ಬದಲಿಸಿದೆವು. ಅವು ಸೋರಿದರೂ ಇದೇ ಗತಿ. ಇದನ್ನೆಲ್ಲ ಸರಿಪಡಿಸದೆ ಜೆಟ್ಟು ಬದಲಿಸುತ್ತ ಹೋದರೆ ಆಯುಷ್ಯವಿಡೀ ಬದಲಿಸುತ್ತಲೇ ಇರಬಹುದು.

ಆಮೇಲೆ ನಮಗೊಂದು ಸಂಶಯ ಹುಟ್ಟಿತು. ಜೆಟ್ಟಿನ ಮೇಲಿನ 92 ನಿಜವಾಗಿ 92 ಹೌದೆ? ಮೇಷ್ಟ್ರ ಬುದ್ಧಿ, ಅಳೆಯದೆ ನಿದ್ದೆ ಬಾರದು. ಅಡಕೆ ಒಣಗಿಸುವ ಅಂಗಳದಲ್ಲಿ, ಬೆಂಕಿಯ ಸುಳಿವಿಲ್ಲದ ಕಡೆ, ಒಂದು ಬಾಟಲಿಯನ್ನು ತೂಗುಹಾಕಿ, ಅದರ ನಳಿಗೆಯ ತುದಿಗೆ ಜೆಟ್ಟು ಸಿಕ್ಕಿಸಿ, ಪೆಟ್ರೋಲಿನ ಮಟ್ಟ ಜೆಟ್ಟಿಗಿಂತ ಒಂದಡಿ ಮೇಲಿರುವಂತೆ ಸುರಿಯುತ್ತ, ನೂರು ಮಿಲಿ ಇಳಿಯಲು ಎಷ್ಟು ಸೆಕೆಂಡು ಎಂದು ವಾಚು ಹಿಡಿದು ನೋಡಿದೆವು. ಡಬ್ಬಿಯಲ್ಲಿದ್ದ ತಂದೆಯವರ ಹಳೆಯ ಜೆಟ್ಟು 88 ಸೆಕೆಂಡು ತೆಗೆದುಕೊಂಡಿತು. ಪೇಟೆಯಿಂದ ತಂದ ಹೊಸದು 95. ಮೂರು ಸಲ ಮಾಡಿದರೂ ಅದೇ. ಅಂದರೆ ಹೆಸರು 92, ಕೆಲಸ 88ರದು! ಒಂದೋ ತೂತು ಕಿರಿದು, ಇಲ್ಲವೇ ತೂತಿನ ಬಾಯಿಯ ಅಂಚು ಒರಟು. ಅಂಚು ದುಂಡಗಿದ್ದರೆ ಹೆಚ್ಚು ಹರಿಯುತ್ತದೆ, ಒರಟಾಗಿದ್ದರೆ ಕಡಿಮೆ. ವ್ಯಾಸವೊಂದೇ ಎಲ್ಲವನ್ನೂ ಹೇಳುವುದಿಲ್ಲ. ಹೊಸದಾದ್ದರಿಂದ ಒಳ್ಳೆಯದು ಎಂದು ನಂಬಿದ ನಮಗೆ ನಾಚಿಕೆಯಾಯಿತು.

ಪೆಟ್ರೋಲಿನ ಎಂಟು, ಜೆಟ್ಟಿನ ಎಂಟು, ಇವೆರಡರ ಮೇಲೆ ಕಳ್ಳಗಾಳಿ. ಘಾಟಿಯವರೆಗೆ ತಲಪಿದ್ದೇ ಇಂಜಿನಿನ ದೊಡ್ಡತನ.

ಕೊನೆಯ ಪಿಸ್ಟನ್ ಕೂತಿತು. ಈಗ ಜೆಟ್ಟು ಆರಿಸುವ ಕೆಲಸ. ಇಚ್ಚ ಹೇಳಿದ ಒಂದೇ ನಿಯಮ, ದೊಡ್ಡದರಿಂದ ಆರಂಭಿಸಿ ಇಳಿಯುತ್ತ ಬರಬೇಕು. ದೊಡ್ಡ ಜೆಟ್ಟಿನ ತಪ್ಪಿಗೆ ದಂಡ ಹೊಗೆ ಮತ್ತು ಒಂದು ಪ್ಲಗ್ಗು. ಚಿಕ್ಕ ಜೆಟ್ಟಿನ ತಪ್ಪಿಗೆ ದಂಡ ಪಿಸ್ಟನು. ಮೈಲೇಜಿನ ಆಸೆಗೆ ಜೆಟ್ಟಿನ ತೂತನ್ನು ಬೆಸುಗೆಯಿಂದ ಮುಚ್ಚಿ ಸೂಜಿಯಿಂದ ಮತ್ತೆ ಚುಚ್ಚುವ ವಿದ್ಯೆಯೊಂದುಂಟು. ಅದನ್ನು ಮಾಡುವವರ ಹತ್ತಿರ ಪಿಸ್ಟನಿನ ಮರವೇ ಇರಬೇಕು.

ಎಲ್ಲಿ ಯಾವುದು ಕೆಲಸ ಮಾಡುತ್ತದೆ ಎಂದು ತಿಳಿಯದೆ ಜೆಟ್ಟಿಗೆ ಕೈ ಹಾಕಬಾರದು. ಎಕ್ಸಲೇಟರು ಮುಚ್ಚಿದ್ದಾಗ ಮತ್ತು ತುಸು ತೆರೆದಾಗ ಸ್ಲೋ ಜೆಟ್ಟು ಹಾಗೂ ಗಾಳಿಯ ಸ್ಕ್ರೂವಿನ ಆಡಳಿತ. ಕಾಲು ಭಾಗದಿಂದ ಮುಕ್ಕಾಲಿನವರೆಗೆ ಸೂಜಿಯ ರಾಜ್ಯ. ಮುಕ್ಕಾಲಿನಿಂದ ಮೇಲೆ ಮಾತ್ರ ಮೈನ್ ಜೆಟ್ಟು. ಬೆಳಿಗ್ಗೆ ಸ್ಟಾರ್ಟ್ ಆಗುವುದಿಲ್ಲ ಎಂದು ಮೈನ್ ಜೆಟ್ಟು ಬದಲಿಸುವವರಿದ್ದಾರೆ. ತಲೆನೋವಿಗೆ ಕಾಲಿಗೆ ಮದ್ದು ಹಚ್ಚಿದ ಹಾಗೆ. ನಾವು ಎಕ್ಸಲೇಟರಿನ ಹಿಡಿಗೆ ಬಿಳಿ ಟೇಪು ಅಂಟಿಸಿ ಕಾಲು, ಅರ್ಧ, ಮುಕ್ಕಾಲು ಎಂದು ಗೆರೆ ಎಳೆದುಕೊಂಡೆವು. ಕ್ಲಾಸಿನ ಹುಡುಗರು ನೋಡಿ, ಮಾಸ್ಟ್ರು ಸ್ಕೇಲು ಹಿಡಿದು ಗಾಡಿ ಬಿಡುತ್ತಾರೆ ಎಂದು ನಕ್ಕರಂತೆ.

ಹೊಸ ಪಿಸ್ಟನ್ ಪಳಗುವವರೆಗೆ ನೂರರ ಜೆಟ್ಟಿನಲ್ಲೇ ಮೆಲ್ಲನೆ ಓಡಿಸಿದೆವು. ಆಮೇಲೆ ಬದಿಯಡ್ಕದಿಂದ ಪೆರ್ಲದ ಕಡೆಯ ಹಾದಿಯಲ್ಲಿ, ಭಾನುವಾರ ಬೆಳಿಗ್ಗೆ ವಾಹನ ಸಂಚಾರವಿಲ್ಲದ ಹೊತ್ತು, ನೀಳವಾದ ಒಂದು ಏರು ನೋಡಿ ಪರೀಕ್ಷೆ. ಮೂರನೆಯ ಗೇರಿನಲ್ಲಿ ಪೂರ್ತಿ ಎಕ್ಸಲೇಟರು. ನೂರರಲ್ಲಿ ಇಂಜಿನು ತೊದಲಿತು. ಒಂದು ಸಲ ಸಿಡಿದು ಒಂದು ಸಲ ಬಿಡುವ ‘ಬಡ್-ಬಡ್’ ಸದ್ದು. ಟು-ಸ್ಟ್ರೋಕ್ ಗಾಡಿ ಫೋರ್-ಸ್ಟ್ರೋಕಿನ ವೇಷ ಹಾಕಿದೆ ಎಂದರೆ ಪೆಟ್ರೋಲು ಹೆಚ್ಚು ಎಂದರ್ಥ. 98 ಹಾಕಿದೆವು. ತೊದಲು ಹೋಯಿತು, ಎಳೆತ ಬಂತು. 96ಕ್ಕೆ ಇಳಿಸಿದೆವು. ಅದರಲ್ಲೂ ಚೆನ್ನಾಗಿಯೇ ಓಡಿತು, ಆದರೆ ಒಂದು ಸೂಚನೆ ಸಿಕ್ಕಿತು: ಪೂರ್ತಿ ತೆರೆದ ಎಕ್ಸಲೇಟರನ್ನು ತುಸು ಹಿಂದಕ್ಕೆ ತಿರುಗಿಸಿದಾಗ ಗಾಡಿ ನಿಧಾನವಾಗುವ ಬದಲು ಸ್ವಲ್ಪ ಮುಂದಕ್ಕೆ ಜಿಗಿಯಿತು. ಪೂರ್ತಿ ತೆರೆದಾಗ ಪೆಟ್ರೋಲು ಸಾಲುತ್ತಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಪ್ಲಗ್ಗು ನೋಡುವ ಕ್ರಮವೂ ಇದೆ. ಏರಿನಲ್ಲಿ ಪೂರ್ತಿ ವೇಗದಲ್ಲಿದ್ದಾಗಲೇ ಕ್ಲಚ್ಚು ಹಿಡಿದು ಇಂಜಿನು ಬಂದ್ ಮಾಡಿ, ಬದಿಗೆ ನಿಲ್ಲಿಸಿ ಪ್ಲಗ್ಗು ಬಿಚ್ಚಬೇಕು. ಮೆಲ್ಲನೆ ಮನೆಗೆ ಬಂದು ಬಿಚ್ಚಿದರೆ ಕಾಣುವುದು ಸ್ಲೋ ಜೆಟ್ಟಿನ ಬಣ್ಣ, ಮೈನ್ ಜೆಟ್ಟಿನದಲ್ಲ. ಹಳಬರು ಹಾಲು ಕಾಫಿಯ ಬಣ್ಣ ಬರಬೇಕು ಎನ್ನುತ್ತಾರೆ. ಇಲ್ಲಿಯೂ ಒಂದು ಮೋಸವಿದೆ. ಆ ಮಾತು ಸೀಸ ಬೆರೆತ ಪೆಟ್ರೋಲಿನ ಕಾಲದ್ದು. 2000ದ ಫೆಬ್ರವರಿಯಿಂದ ದೇಶದಲ್ಲಿ ಸೀಸದ ಪೆಟ್ರೋಲು ನಿಂತಿದೆ. ಈಗಿನ ಪೆಟ್ರೋಲಿನಲ್ಲಿ ಪ್ಲಗ್ಗಿನ ತುದಿ ಸರಿಯಿದ್ದರೂ ಬಿಳಿಚಿಕೊಂಡೇ ಇರುತ್ತದೆ. ತುದಿಯನ್ನು ಬಿಟ್ಟು, ಪಿಂಗಾಣಿ ಒಳಗೆ ಲೋಹ ಸೇರುವ ಬುಡವನ್ನು ಟಾರ್ಚು ಹಾಕಿ ನೋಡಬೇಕು. ಅಲ್ಲೊಂದು ಕಂದು ಬಳೆ ಕಾಣಿಸುತ್ತದೆ. 96ರಲ್ಲಿ ಬಳೆ ಇದ್ದೂ ಇಲ್ಲದಂತೆ. 98ರಲ್ಲಿ ಸ್ಪಷ್ಟ. ಇಚ್ಚನ ಕಣ್ಣಿಗೆ ಟಾರ್ಚು ಬೇಕಾಗಲಿಲ್ಲ. ನಮಗೆ ಟಾರ್ಚೂ ಕನ್ನಡಕವೂ ಬೇಕಾಯಿತು.

ಲೆಕ್ಕದ ಪ್ರಕಾರ ಪೆಟ್ರೋಲಿನ ವ್ಯತ್ಯಾಸಕ್ಕೆ 96 ಸಾಕಲ್ಲವೆ ಎಂದು ವಾಚಕರು ಕೇಳಬಹುದು. ನಾವೂ ಕೇಳಿದೆವು. ಆದರೆ ನಮ್ಮ ಪರೀಕ್ಷೆ ನಡೆದದ್ದು ಏಪ್ರಿಲಿನಲ್ಲಿ, ಸೆಕೆಯಲ್ಲಿ. ಬಿಸಿ ಗಾಳಿ ಹಗುರ. 35 ಡಿಗ್ರಿಯ ಗಾಳಿಗಿಂತ ಡಿಸೆಂಬರ್ ಬೆಳಗಿನ 22 ಡಿಗ್ರಿಯ ಗಾಳಿ ಶೇಕಡಾ 4ರಷ್ಟು ದಟ್ಟ. ಜೆಟ್ಟಿನ ಮಿಶ್ರಣದ ಮೇಲೆ ಇದರ ಪರಿಣಾಮ ಸುಮಾರು ಅರ್ಧ, ಶೇಕಡಾ 2. ಏಪ್ರಿಲಿನಲ್ಲಿ ಅಂಚಿನಲ್ಲಿ ನಿಂತ ಜೆಟ್ಟು ಡಿಸೆಂಬರಿನಲ್ಲಿ ಅಂಚಿನಿಂದ ಕೆಳಗೆ. ಘಾಟಿಯ ಆ ಬೆಳಗೂ ಡಿಸೆಂಬರಿನದೇ ಅಲ್ಲವೆ! ಆದ್ದರಿಂದ 98 ನಿಂತಿತು. ಬಾಟಲಿಯ ಪರೀಕ್ಷೆಯಲ್ಲಿ ಅದು ನೂರು ಮಿಲಿಗೆ 77 ಸೆಕೆಂಡು ತೆಗೆದುಕೊಂಡಿತು. ತಂದೆಯವರ ಜೆಟ್ಟಿನ 88ರಿಂದ ಲೆಕ್ಕ ಹಾಕಿದರೆ ಅಷ್ಟೇ ಬರಬೇಕು. ಈ ಜೆಟ್ಟು ಸುಳ್ಳು ಹೇಳುವ ಜಾತಿಯದಲ್ಲ.

ಸಾವಿರದ ನೂರು ಮೀಟರಿಗೂ ಮಿಕ್ಕ ಎತ್ತರದ ಮಡಿಕೇರಿಯಲ್ಲಿ ಗಾಳಿ ತೆಳ್ಳಗೆ, ಅಲ್ಲಿ ಇದೇ ಜೆಟ್ಟು ಶೇಕಡಾ 5ರಷ್ಟು ಹೆಚ್ಚು ಪೆಟ್ರೋಲು ಕೊಟ್ಟಂತಾಗುತ್ತದೆ, ತುಸು ಹೊಗೆ ಬರುತ್ತದೆ. ಬರಲಿ. ಅಲ್ಲಿಗೆಂದು ಚಿಕ್ಕ ಜೆಟ್ಟು ಹಾಕಿ, ಇಳಿದು ಬರುವಾಗ ಮರೆತರೆ ಮತ್ತೆ ಸಂಪಾಜೆಯ ಮೋರಿಯ ಕಟ್ಟೆಯೇ ಗತಿ.

ಸೂಜಿಯ ಕ್ಲಿಪ್ಪನ್ನು ಒಂದು ಗೀರು ಕೆಳಕ್ಕೆ ಹಾಕಿದೆವು. ಅದರಿಂದ ಸೂಜಿ ಮೇಲೇರಿ ನಡು ವೇಗಕ್ಕೂ ಪೆಟ್ರೋಲು ಸಿಕ್ಕಿತು. ನಾವು ದಿನವೂ ಶಾಲೆಗೆ ಹೋಗುವುದು ಆ ವೇಗದಲ್ಲೇ. ನಿಜ ಹೇಳಬೇಕೆಂದರೆ ಮೈನ್ ಜೆಟ್ಟಿಗೆ ನಮ್ಮ ಬಳಿ ವಾರಕ್ಕೆ ಐದು ನಿಮಿಷದ ಕೆಲಸವೂ ಇಲ್ಲ. ಸ್ಲೋ ಜೆಟ್ಟು 45 ಇದ್ದದ್ದು ಹಾಗೇ ಇದೆ, ಗಾಳಿಯ ಸ್ಕ್ರೂ ಕಾಲು ಸುತ್ತು ಮುಚ್ಚಿದ್ದೇವೆ. ಲೀಟರಿಗೆ 27 ಬರುತ್ತಿದೆ. ಸೈಲೆನ್ಸರಿನ ಒಳಕೊಳವೆ, ಗಾಳಿಯ ಫಿಲ್ಟರು ಇವನ್ನು ತೆಗೆದು ಸದ್ದು ಮಾಡುವ ಹುಡುಗರಿಗೆ ಈ ಯಾವ ನಂಬರೂ ಅನ್ವಯಿಸದು. ಅವರು ಮೊದಲಿನಿಂದ ಆರಂಭಿಸಬೇಕು. ಇನ್ನೊಂದು ಮಾತು: ಎಥೆನಾಲು ನೀರನ್ನು ಹೀರುತ್ತದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಗಾಡಿ ತಿಂಗಳುಗಟ್ಟಲೆ ನಿಲ್ಲುವುದಾದರೆ ಟ್ಯಾಂಕಿಯನ್ನೂ ಕಾರ್ಬುರೇಟರಿನ ಬಟ್ಟಲನ್ನೂ ಖಾಲಿ ಮಾಡಿಡಬೇಕು. ಇಲ್ಲವಾದರೆ ತೂತು 98ರದೇ ಆದರೂ ಅದರಲ್ಲಿ ಕಿಟ್ಟ ಕೂತು ತಾನಾಗಿಯೇ 92 ಆಗುತ್ತದೆ.

ತಂದೆಯವರ ನೋಟು ಪುಸ್ತಕದಲ್ಲಿ ಕೆಂಪು ಗೆರೆಯ ಕೆಳಗೆ ಜಾಗವಿತ್ತು. ಮೈನ್ ಜೆಟ್ 98, ಎಥೆನಾಲ್ 20, ತಾರೀಕು ಎಂದು ಬರೆದಿದ್ದೇವೆ. ಗೆರೆ ಎಳೆಯಲಿಲ್ಲ.

ಮೊನ್ನೆ ಮನೆಯಾಕೆಯೊಡನೆ, ಈ ಡಿಸೆಂಬರಿನಲ್ಲಿ ಮಡಿಕೇರಿಗೆ ಹೋಗಿ ಬರೋಣವೇ, ಗಾಡಿ ಈಗ ಸಂಪೂರ್ಣ ಸರಿಯಾಗಿದೆ ಎಂದೆವು. ಅವಳು ಬಸವಳೆ ಸೊಪ್ಪು ಹೆಚ್ಚುತ್ತಿದ್ದವಳು ತಲೆಯೆತ್ತದೆಯೇ, “ಸುಳ್ಯದಿಂದ ಬೆಳಿಗ್ಗೆ ಎಷ್ಟು ಗಂಟೆಗೆ ಬಸ್ಸುಂಟು?” ಎಂದು ಕೇಳಿದಳು.